ಕಾವಲಿನ ದನಗಳೂ ಕಾವಲಿನ ಮೃಗಗಳೂ

ಪ್ರಾಣಿಗಳನ್ನು ನಮ್ಮ ಜನರು ಸಾಮಾನ್ಯವಾಗಿ ಎರಡು ಪಂಗಡಗಳಾಗಿ ವಿಂಗಡಿಸುವರು. ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವುದು ಸಾಕುಪ್ರಾಣಿ. ಅಡವಿಯಲ್ಲಿ ಅಲೆಯುವುದು ಕಾಡುಪ್ರಾಣಿ. ಬಹುಮಟ್ಟಿಗೆ ಇದು ಸರಿಯೇ. ಆದರೆ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಈ ವಿಂಗಡಣೆಯು ಸಾಲದೆಂದು ಹೇಳಬೇಕಾಗಿದೆ. ಇಲ್ಲಿ ಮನುಷ್ಯನು ಸಾಕಿದುದಾದರೂ ಕೊಟ್ಟಿಗೆಯ ಮುಖವನ್ನೇ ಕಾಣದೆ ಬೆಳೆಯುವ ದನವುಂಟು. ಆ ದನಕ್ಕೆಂದು ಕಾದಿರಿಸಿದ ಹುಲ್ಲಿನಿಂದಲೇ ಇಂದಿನವರೆಗೆ ಉಳಿದುಬಂದಿರುವ ಕಾಡುಮೃಗವುಂಟು. ಊರದನದ ರೋಗವು ತಗುಲಿ ಹಿಂಡುಹಿಂಡಾಗಿ ಸತ್ತ ಕಾಡುದನವೂ ಉಂಟು. ಹೀಗೆ ಒಂದರ ಬಾಳು ಇನ್ನೊಂದರ ಬಾಳಿಗೆ ಹೆಣೆದುಕೊಂಡಿರುವ ಸಂಗತಿಯು ಈ ಸೀಮೆಯಲ್ಲಿ ಒಕ್ಕಲುತನ ಮಾಡುವವರೆಲ್ಲರೂ ತಿಳಿದಿರತಕ್ಕದ್ದಾಗಿದೆ.

ಮೊದಲು ಭೂಮಿಯ ಸ್ವರೂಪವನ್ನು ನೋಡೋಣ. ತರೀಕೆರೆಯ ಪಶ್ಚಿಮಕ್ಕೆ ಕೆಮ್ಮಣ್ಣುಗುಂಡಿಯ ಬೆಟ್ಟಗಳೂ ಭದ್ರಾನದಿಯ ಕಣಿವೆಯ ದಟ್ಟವಾದ ಕಾಡೂ ಇರುವುವು. ಅಲ್ಲಿಂದ ಮೂಡಲಿಗೆ ಇಳಿದಂತೆಲ್ಲಾ ಮಳೆಯು ತಗ್ಗುತ್ತ ಬಂದು, ಅಜ್ಜಂಪುರ, ಬೀರೂರು, ಕಡೂರುಗಳ ಬಳಿ ಭೂಮಿಯು ಬಯಲುಸೀಮೆಯಾಗಿಬಿಡುತ್ತದೆ. ಒಂದೇ ದಿನದಲ್ಲಿ ಎತ್ತಿನ ಗಾಡಿಯ ಪ್ರಯಾಣದಿಂದ ಮಲೆನಾಡನ್ನೂ ಮೈದಾನವನ್ನೂ ನೋಡಬಹುದಾದ ಪ್ರದೇಶವಿದು. ಮಲೆನಾಡಿನ ಭಾಗದಲ್ಲಿ ಕಾಡು ಸಹಜವಾದಂತೆ ಮೈದಾನದ ಭಾಗದಲ್ಲಿ ಹುಲ್ಲೇ ಸಹಜವಾದ ಬೆಳೆ. ಅಲ್ಲಲ್ಲಿ ಒಂದೊಂದು ಜಾಲಿಯ ಮರ, ಮಿಕ್ಕೆಲ್ಲವೂ ಹುಲ್ಲು. ಇಂತಹ ಬಯಲನ್ನು ಕಂಡವರು ಅದನ್ನು ಬಂಜರೆಂದು ಕರೆಯುವುದುಂಟು. ಆ ಒಂದು ಮಾತಿನಿಂದ ಆಗಿರುವ ನಷ್ಟವನ್ನು ಮುಂದೆ ಹೇಳಲಾಗುವುದು.

ಈ ಬಯಲುಗಳಿಗೆ ಅಮೃತ ಮಹಲ್ ಕಾವಲುಗಳೆಂದು ಹೆಸರು. ಮೈಸೂರು ಸಂಸ್ಥಾನದ ಅರಸರಾದ ಚಿಕ್ಕದೇವರಾಜ ಒಡೆಯರವರ ಕಾಲದಲ್ಲಿ (ಕ್ರಿ. ಶ. 1673-1704) ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸಲು ಬೆಣ್ಣೆ ಚಾವಡಿ ಎಂಬ ಇಲಾಖೆಯಿದ್ದಿತು. ಅದರ ಹಸುಗಳಿಗಾಗಿ ಸಂಸ್ಥಾನದ ನಾನಾ ಕಡೆಗಳಲ್ಲಿ ಹುಲ್ಲುಗಾವಲುಗಳನ್ನು ಕಾದಿರಿಸಿದರು. ಹೈದರಾಲಿಯು ಈ ದನಗಳನ್ನು ಸೈನ್ಯದ ಕೆಲಸಕ್ಕೆ ತಿರುಗಿಸಿದನು. ಟಿಪ್ಪು ಸುಲ್ತಾನನು ಬೆಣ್ಣೆ ಚಾವಡಿಯೆಂಬ ಹೆಸರನ್ನು ಅಮೃತ ಮಹಲ್ ಎಂದು ಬದಲಾಯಿಸಿದನು. ಇಲ್ಲಿ ಒಂದು ವಿನೋದವಿದೆ. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಈ ತಳಿಯ ಹಸುವು ಹಾಲಿಗೆ ಹೆಸರಾದುದಲ್ಲ. ಅದರ ಕೆಚ್ಚಲಿನಲ್ಲಿ ಇಳಿಯುವ ಹಾಲು ಅದರ ಕರುವಿಗೆ ಸಾಕಾಗುವಷ್ಟೇ. ಆ ಹಾಲೆಲ್ಲವನ್ನೂ ಕರುವಿಗೇ ಬಿಡುವುದು ಈ ದನಗಳ ಸಾಕಣೆಯಲ್ಲಿ ಹಿಂದಿನಿಂದ ಬಂದ ಪದ್ಧತಿ. ತಾಯಿಯ ಹಾಲನ್ನು ಪೂರ್ತಿಯಾಗಿ ಕುಡಿದು ಬೆಳೆದ ಹೋರಿಗರುವು ಮುಂದೆ ಎಂತಹ ಎತ್ತಾಗುವುದೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಚಿದಂಬರದ ಕಡೆಗೆ ಹೈದರಾಲಿಯು ಎರಡೂವರೆ ದಿನಗಳಲ್ಲಿ 100 ಮೈಲಿ ದೂರವನ್ನು ಸೈನ್ಯಸಮೇತನಾಗಿ ಕ್ರಮಿಸಿದುದು ಈ ಎತ್ತುಗಳ ಬಲದಿಂದಲೇ ಎಂದು ಹಿಂದಿನ ಗ್ಯಾಸೆಟಿಯರುಗಳಲ್ಲಿ ಬರೆದಿದೆ. ಯುದ್ಧದಲ್ಲಿ ಸೋತಾಗಲೂ ಶತ್ರುಗಳ ಕಣ್ಣೆದುರಿನಲ್ಲಿಯೇ ಫಿರಂಗಿಗಳನ್ನು ಎಳೆದೊಯ್ಯಲು ಅವನಿಗೆ ಸಾಧ್ಯವಾಗುತ್ತಿದ್ದಿತಂತೆ. ಎತ್ತುಗಳನ್ನು ಫಿರಂಗಿಯ ಎತ್ತು, ಹೇರೆತ್ತು, ಉಳುವ ಎತ್ತು ಎಂದು ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ನೇಗಿಲಿಗೆ ಬರುತ್ತಿದ್ದುದು ಕಡೆಯ ದರ್ಜೆಯದು!

1799ನೆಯ ಇಸವಿಯಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ದನಗಳು ಇಂಗ್ಲಿಷರ ವಶವಾದುವು. 1860ರಲ್ಲಿ ಖರ್ಚನ್ನು ಉಳಿಸಬೇಕೆಂಬ ಕಾರಣದಿಂದ ಮದ್ರಾಸು ಸರ್ಕಾರದವರು ಹಿಂಡುಗಳನ್ನು ಒಡೆದು ಹರಾಜು ಹಾಕಿದರು. ಕೆಲವು ರಾಸುಗಳು ಈಜಿಪ್ಟ್ ದೇಶದ ಪಾಷಾನ ಪಾಲಾದುವು. ಸೈನ್ಯಕ್ಕೆ ತಕ್ಕ ಎತ್ತುಗಳು ದೊರೆಯದೆ ಹೋದಾಗ, ಕೆಲವೇ ವರ್ಷಗಳಲ್ಲಿ, ಅದೇ ಸರ್ಕಾರದವರು ಚದರಿಹೋದ ರಾಸುಗಳನ್ನು ಊರೂರು ಹುಡುಕಿ ಕೊಂಡು ಮರಳಿ ಹಿಂಡು ಕಟ್ಟಬೇಕಾಯಿತು. ತಳಿಯನ್ನು ಮಾರುವುದು ಒಂದು ದಿನದ ಕೆಲಸ. ಕಟ್ಟುವುದು ಎಷ್ಟು ತಲೆಮಾರುಗಳದೆಂಬುದು ಆಗ ಅವರಿಗೆ ತಿಳಿದಿರಬೇಕು. ಅನಂತರ ಈ ದನಗಳು ಮೈಸೂರು ಸರ್ಕಾರಕ್ಕೆ ಬಂದು, 1923ರಲ್ಲಿ ವ್ಯವಸಾಯದ ಇಲಾಖೆಗೆ ಸೇರಿ, 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರವು ಸ್ಥಾಪಿತವಾಯಿತು. ಅದು ಇಂದಿಗೂ ನಡೆಯುತ್ತಲಿದೆ.

ಅಮೃತ ಮಹಲ್ ರಾಸನ್ನು ಗುರುತಿಸುವುದು ಸುಲಭ. ಉದ್ದವಾದ ಸಪುರ ಮುಖ. ನೆತ್ತಿಯಲ್ಲಿ ಒಂದಕ್ಕೊಂದು ಹತ್ತಿರವಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲಕ್ಕೆ ಏಳುವ ಚೂಪಾದ ನೀಳ ಕೊಂಬುಗಳು. ಬೂದು ಬಣ್ಣದಿಂದ ಕಪ್ಪಿನವರೆಗೆ ಮೈಬಣ್ಣ. ಗಟ್ಟಿಯಾದ ಸಣ್ಣ ಗೊರಸು. ಆದರೆ ಇದರ ಸ್ವಭಾವವೇ ಹೆಚ್ಚು ಸೋಜಿಗದ್ದು. ಬಯಲಿನಲ್ಲಿಯೇ ಹುಟ್ಟಿ, ಬಯಲಿನಲ್ಲಿಯೇ ಮಲಗಿ, ಬಿಸಿಲು ಮಳೆಗಳನ್ನು ಮೈಮೇಲೆ ತಾಳಿ ಬೆಳೆದ ಈ ದನವು ಅರ್ಧ ಕಾಡುಮೃಗವೆಂದೇ ಹೇಳಬೇಕು. ತನ್ನ ಗೊಲ್ಲನ ದನಿಯನ್ನು ಅರಿತು ಬರುವ ಹಸು ಗುರುತಿಲ್ಲದ ಮನುಷ್ಯನು ಕಾಲ್ನಡಿಗೆಯಲ್ಲಿ ಹತ್ತಿರ ಬಂದರೆ ತಲೆ ತಗ್ಗಿಸಿ ಮೇಲೆ ಬೀಳುವುದುಂಟು. ಹೋರಿಗಳನ್ನು ಹಿಡಿದು ಪಳಗಿಸುವುದು ಬಲು ಶ್ರಮದ ಕೆಲಸ. ಐದನೆಯ ವರ್ಷದಿಂದ ಏಳನೆಯ ವರ್ಷದೊಳಗೆ ಪಳಗಿದ ಎತ್ತು ಹನ್ನೆರಡರವರೆಗೆ ಪೂರ್ಣ ಶಕ್ತಿಯಿಂದ ದುಡಿದು, ಹದಿನಾಲ್ಕು ಹದಿನೈದನೆಯ ವರ್ಷಕ್ಕೆ ಇಳಿಮುಖವಾಗಿ, ಹದಿನೆಂಟರ ಹೊತ್ತಿಗೆ ಸಾಯುವುದೆಂಬುದು ಹಿಂದಿನವರ ಲೆಕ್ಕ.

ಇನ್ನು ಹುಲ್ಲಿನ ವಿಷಯ. ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ತರಗಳಾಗಿ ಏರ್ಪಡಿಸಿದ್ದರು. ಬೇಸಗೆಯಲ್ಲಿ ನೀರೂ ನೆರಳೂ ಉಳ್ಳ ಕೆರೆಯಂಗಳದ ಕಡೆಗೆ, ಮಳೆ ಬಿದ್ದೊಡನೆ ಚಿಗುರುವ ಬಯಲಿನ ಕಡೆಗೆ, ಹೀಗೆ ಹಿಂಡುಗಳು ಹಂಗಾಮಿಗೆ ತಕ್ಕಂತೆ ಸಾಗುತ್ತಿದ್ದುವು. ಒಂದು ಕಾವಲನ್ನು ಮೇದು ಬಿಟ್ಟುಹೋದ ಮೇಲೆ ತಿಂಗಳುಗಟ್ಟಲೆ ಅದಕ್ಕೆ ವಿಶ್ರಾಂತಿ. ಆ ಅವಧಿಯಲ್ಲಿ ಹುಲ್ಲು ತೆನೆಗಟ್ಟಿ, ಬೀಜ ಉದುರಿಸಿ, ಬೇರು ಬಲಿಯುತ್ತಿದ್ದಿತು. ಹುಲ್ಲಿನ ಬೆಳೆಯುವ ಕುಡಿಯು ಬುಡದಲ್ಲಿರುವುದರಿಂದ ತುದಿಯನ್ನು ಮೇದರೆ ಅದು ಸಾಯುವುದಿಲ್ಲ. ಬಿಡುವಿಲ್ಲದೆ ಬುಡದವರೆಗೆ ಮೇದರೆ ಸಾಯುವುದು. ಇಂದು ಊರ ಗೋಮಾಳಗಳಲ್ಲಿ ವರ್ಷವಿಡೀ ದನ, ಕುರಿ, ಮೇಕೆಗಳನ್ನು ಒಂದೇ ಕಡೆ ಬಿಡುವವರು ಈ ಹಳೆಯ ಏರ್ಪಾಡನ್ನು ಸ್ವಲ್ಪ ಯೋಚಿಸಬೇಕು. ಗೋಮಾಳವನ್ನು ಎರಡು ಮೂರು ಪಾಲು ಮಾಡಿ ಸರದಿಯ ಮೇಲೆ ಮೇಯಿಸಲು ಹಣದ ಖರ್ಚಿಲ್ಲ, ಊರಿನವರ ಒಮ್ಮತ ಬೇಕಷ್ಟೆ.

ಹೀಗೆ ಎತ್ತಿಗಾಗಿ ಕಾದ ಹುಲ್ಲು ಕೃಷ್ಣಮೃಗವನ್ನೂ ಕಾಯಿತು. ಇದನ್ನು ನಮ್ಮ ಜನರು ಹುಲ್ಲೆಯೆಂದೂ ಜಿಂಕೆಯೆಂದೂ ಕರೆಯುವರು. ಭದ್ರೆಯ ಕಾಡಿನ ಚುಕ್ಕೆಯ ಜಿಂಕೆಗೂ ಅದೇ ಹೆಸರಿರುವುದರಿಂದ ಎರಡೂ ಒಂದೇ ಕುಲವೆಂಬ ಭಾವನೆಯುಂಟು. ಅದು ಹಾಗಲ್ಲ. ಚುಕ್ಕೆಯ ಜಿಂಕೆ, ಕಡವೆಗಳ ಕೊಂಬು ಕವಲೊಡೆದು ಬೆಳೆದು, ಕಾಲಕಾಲಕ್ಕೆ ಬುಡಸಹಿತ ಉದುರಿ, ಮತ್ತೆ ಹೊಸದಾಗಿ ಹುಟ್ಟುವುದು. ಕೃಷ್ಣಮೃಗದ ಕೊಂಬಾದರೋ ಒಳಗೆ ಎಲುಬಿನ ಮೊಳೆಯಿದ್ದು, ಅದರ ಮೇಲೆ ಒರೆಯು ಕೂತಿರುವ ಬಗೆಯದು. ಅದು ಎಂದಿಗೂ ಉದುರುವುದಿಲ್ಲ. ಎತ್ತಿನ ಕೊಂಬನ್ನು ಮುಟ್ಟಿ ನೋಡಿದವರಿಗೆ ಇದು ಕೂಡಲೆ ತಿಳಿಯುವುದು, ಏಕೆಂದರೆ ಎರಡರ ರಚನೆಯೂ ಒಂದೇ. ಕುಲದ ಲೆಕ್ಕದಲ್ಲಿ ಕೃಷ್ಣಮೃಗವು ಕಡವೆಗಿಂತ ನಿಮ್ಮ ಕೊಟ್ಟಿಗೆಯ ಹಸುವಿಗೇ ಹತ್ತಿರದ ನೆಂಟನು.

ಈ ಮೃಗದ ಗಂಡುಮರಿಯು ಕಪ್ಪಾಗಿ ಹುಟ್ಟುವುದಿಲ್ಲ. ತಾಯಿಯಂತೆ ಕಂದುಬಣ್ಣದಿಂದಲೇ ಇದ್ದು, ವಯಸ್ಸು ತುಂಬಿದಂತೆ ಬೆನ್ನು ಕಪ್ಪಡರುತ್ತದೆ. ಹೊಟ್ಟೆಯ ಬಿಳುಪು ಮಾತ್ರ ಹಾಗೆಯೇ ಉಳಿಯುವುದು. ತಿರುಚಿದ ಕೊಂಬುಗಳೂ ಸಾಮಾನ್ಯವಾಗಿ ಗಂಡಿಗೇ ಉಂಟು. ಬಲಿತ ಗಂಡು ಬಯಲಿನ ಒಂದು ತುಂಡನ್ನು ತನ್ನದೆಂದು ಹಿಡಿದು, ಒಂದೇ ಕಡೆ ಹಿಕ್ಕೆಯ ಗುಡ್ಡೆ ಹಾಕಿ, ಅದನ್ನೇ ಎಲ್ಲೆಯ ಕಲ್ಲಿನಂತೆ ಇಟ್ಟುಕೊಳ್ಳುವುದು. ಬೇರೆ ಗಂಡು ಒಳಕ್ಕೆ ಬಂದರೆ ಕಾದಾಟ. ಓಟದಲ್ಲಿ ಘಂಟೆಗೆ 50 ಮೈಲಿಯ ಆಸುಪಾಸಿನ ವೇಗವು ಇದಕ್ಕೆ ಸಾಧ್ಯ. ಆದರೆ ಈ ವೇಗವು ಬಯಲಿನಲ್ಲಿ ಮಾತ್ರ ಉಪಯೋಗ. ದೂರದಿಂದಲೇ ವೈರಿಯನ್ನು ಕಂಡು ಓಡಿ ಪಾರಾಗುವುದು ಇದರ ಉಪಾಯವಾದ್ದರಿಂದ ದಟ್ಟವಾದ ಮರಗಿಡಗಳ ನಡುವೆ ಇದು ಬಾಳಲಾರದು.

1932ರಲ್ಲಿ ಕೃಷ್ಣಮೃಗಗಳನ್ನು ಅಮೆರಿಕದ ಟೆಕ್ಸಾಸ್ ಪ್ರಾಂತಕ್ಕೆ ಕೊಂಡೊಯ್ದು ಬಿಟ್ಟರು. ಅಲ್ಲಿಯ ಬಯಲಿನಲ್ಲಿ ಅವು ಸಾವಿರಗಟ್ಟಲೆಯಾಗಿ ಹೆಚ್ಚಿದುವು. ಪಾಕಿಸ್ತಾನದ ಸೀಮೆಯಲ್ಲಿ ಈ ಮೃಗವು ಬೇಟೆಯಿಂದ ನಿರ್ನಾಮವಾದಾಗ, ಅಲ್ಲಿ ಪುನಃ ಬೆಳೆಸಲು ಬೇಕಾದ ಮೃಗಗಳನ್ನು 1970ರ ತರುವಾಯ ಟೆಕ್ಸಾಸಿನಿಂದ ತರಿಸಬೇಕಾಯಿತು. ತನ್ನ ನಾಡಿನಲ್ಲಿಯೇ ಇಲ್ಲವಾಗಿ ಸಮುದ್ರದಾಚೆಯಿಂದ ತವರಿಗೆ ಮರಳುವ ದುರವಸ್ಥೆಯು ನಮ್ಮ ಸೀಮೆಯ ಹುಲ್ಲೆಗಳಿಗೆ ಬಾರದೆ ಇರುವುದಕ್ಕೆ ಈ ಕಾವಲುಗಳೇ ಕಾರಣ. ಕಡೂರು ತಾಲ್ಲೂಕಿನ ಬಾಸೂರಿನ ಅಮೃತ ಮಹಲ್ ಕಾವಲಿನಲ್ಲಿ ಸುಮಾರು 1,800 ಎಕರೆ ಪ್ರದೇಶವನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಸರ್ಕಾರದವರು ಘೋಷಿಸಿದರು. ಕಾವಲಿನ ಅಂಚಿನ ಹೊಲಗಳಲ್ಲಿ ಹುಲ್ಲೆಗಳು ಎಳೆಯ ಪೈರನ್ನು ಮೇಯುವುದು ನಿಜವೇ. ಆ ನಷ್ಟವು ಸಣ್ಣದೆಂದು ಯಾರೂ ಹೇಳಕೂಡದು. ಬೆಳೆಯ ನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಏರ್ಪಾಡುಂಟು. ನಷ್ಟವಾದ ಕೂಡಲೆ ಅರ್ಜಿ ಕೊಡಬೇಕು. ಪೈರು ಮರಳಿ ಚಿಗುರಿದ ಮೇಲೆ ಹೋದರೆ ತೋರಿಸಲು ಏನೂ ಇರುವುದಿಲ್ಲ.

ಹುಲ್ಲೆಯಿದ್ದಲ್ಲಿ ತೋಳವಿರುವುದು. ತೋಳವೆಂದರೆ ಕಾಡಿನ ಮೃಗವೆಂದು ಕಥೆಗಳಲ್ಲಿ ಕೇಳಿದವರು ಭದ್ರೆಯ ದಟ್ಟಡವಿಯಲ್ಲಿ ಅದನ್ನು ಹುಡುಕಿದರೆ ಕಾಣಲಾರರು. ಅದು ಬಯಲಿನಲ್ಲಿ, ಕುರಿಯ ಹಟ್ಟಿಗಳ ಆಸುಪಾಸಿನಲ್ಲಿಯೇ ಇರತಕ್ಕದ್ದು. ನಮ್ಮ ದೇಶದ ತೋಳವು ಶೀತದೇಶದ ತೋಳಕ್ಕಿಂತ ಚಿಕ್ಕದು, ಮೈಗೂದಲು ಕಡಮೆ. ಜಗತ್ತಿನಲ್ಲಿ ಇಂದು ಉಳಿದಿರುವ ತೋಳಗಳ ವಂಶಗಳಲ್ಲಿ ಇದು ಅತ್ಯಂತ ಪ್ರಾಚೀನವಾದವುಗಳಲ್ಲಿ ಒಂದೆಂದು 2021ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿರುತ್ತದೆ. ಕುರಿಗಾಹಿಗಳಲ್ಲಿ ಕೆಲವರು ತೋಳವು ಕೊಂಡೊಯ್ದ ಮರಿಯನ್ನು ಅದರ ಪಾಲೆಂದೇ ಎಣಿಸಿ ಸುಮ್ಮನಾಗುವರು. ಎಲ್ಲರಿಗೂ ಅಷ್ಟು ಔದಾರ್ಯವು ಸಾಧ್ಯವಲ್ಲ. ಆದರೂ ಸತ್ತ ಕುರಿಗೆ ವಿಷ ಸವರಿ ಇಡುವುದು ಕಾನೂನಿಗೆ ವಿರೋಧವಷ್ಟೇ ಅಲ್ಲ, ಅವಿವೇಕವೂ ಹೌದು. ಆ ವಿಷವನ್ನು ಮೊದಲು ತಿನ್ನುವುದು ಬಹುಶಃ ನಿಮ್ಮದೇ ಹಟ್ಟಿಯ ನಾಯಿ. ಇಲಿಯನ್ನೂ ಗೆದ್ದಲನ್ನೂ ತಿಂದು ಹೊಲಕ್ಕೆ ಉಪಕಾರ ಮಾಡುವ ಸಣ್ಣ ನರಿಯೂ ಅದರಿಂದ ಸಾಯುವುದು. ಚಳಿಗಾಲದಲ್ಲಿ ಇಂತಹ ಬಯಲುಗಳ ಮೇಲೆ ತಗ್ಗಿನಲ್ಲಿ ತೇಲುತ್ತ ಹಾರುವ ಒಂದು ಬಗೆಯ ಗಿಡುಗಗಳು ಕಜಕಸ್ತಾನದಂತಹ ದೂರದೇಶಗಳಿಂದ ಬಂದು, ಮಿಡತೆಗಳನ್ನು ತಿಂದು, ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ಮಲಗುವುವು. ಮರವೇರದ ಗಿಡುಗ! ಹುಲ್ಲಿಲ್ಲದಿದ್ದರೆ ಅವಕ್ಕೂ ತಂಗಲು ಸ್ಥಳವಿಲ್ಲ.

ಈಗ ಬಂಜರೆಂಬ ಮಾತಿಗೆ ಬರೋಣ. ಒಂದು ಕಾಲದಲ್ಲಿ ಸಂಸ್ಥಾನದಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲುಗಳಲ್ಲಿ ಇಂದು ಉಳಿದಿರುವುದು ಸ್ವಲ್ಪ ಭಾಗ. ಕೆಲವು ಸಾಗುವಳಿಗೆ ಹೋದುವು. ಚಳ್ಳಕೆರೆಯ ಕಡೆಯ ದೊಡ್ಡ ಕಾವಲುಗಳು 2009ರ ಆಸುಪಾಸಿನಿಂದೀಚೆಗೆ ವಿಜ್ಞಾನದ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಹೋದುವು. ಇನ್ನು ಕೆಲವೆಡೆಗಳಲ್ಲಿ ಬರಿಯ ಹುಲ್ಲಿರುವ ಭೂಮಿಯು ವ್ಯರ್ಥವೆಂದೆಣಿಸಿ, ಒಳ್ಳೆಯ ಉದ್ದೇಶದಿಂದಲೇ, ನೀಲಗಿರಿ ಅಕೇಶಿಯ ಮುಂತಾದ ಮರಗಳನ್ನು ಹಾಕಿದರು. ಮರ ಹಾಕುವುದು ಪುಣ್ಯವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕಾಡಿಗೆ ಅದು ಸರಿ, ಹೊಲದ ಬದುವಿಗೂ ಸರಿ. ಹುಲ್ಲುಗಾವಲಿಗೆ ಮಾತ್ರ ಅದು ಕಾಡಿನಲ್ಲಿ ಮರ ಕಡಿದಷ್ಟೇ ಹಾನಿ. ನೆರಳು ಕವಿದಲ್ಲಿ ಬಯಲಿನ ಹುಲ್ಲು ಕ್ಷೀಣಿಸುವುದು, ಹುಲ್ಲೆಯು ಜಾಗ ಬಿಡುವುದು, ದನಕ್ಕೆ ಮೇವಿಲ್ಲವಾಗುವುದು.

ಬಳ್ಳಾರಿ ಜಾಲಿಯ ಕಥೆಯಂತೂ ಇನ್ನೂ ವಿಚಿತ್ರವಾದುದು. ಹೊರದೇಶದಿಂದ ಬಂದ ಈ ಮುಳ್ಳುಗಿಡದ ಎಲೆಯನ್ನು ದನವು ಮೂಸಿ ಬಿಡುವುದು. ಸಿಹಿಯಾದ ಕಾಯನ್ನಾದರೋ ಆಸೆಯಿಂದ ತಿನ್ನುವುದು. ಗಟ್ಟಿಯಾದ ಬೀಜವು ಹೊಟ್ಟೆಯಲ್ಲಿ ಜೀರ್ಣವಾಗದೆ ಸಗಣಿಯೊಡನೆ ಹೊರಕ್ಕೆ ಬಂದು, ಆ ಸಗಣಿಯ ಗೊಬ್ಬರದಲ್ಲಿಯೇ ಮೊಳೆಯುವುದು. ಹುಲ್ಲೆಯ ಹಿಕ್ಕೆಯಲ್ಲಿಯೂ ಹಾಗೆಯೇ. ಹೀಗೆ ತಮ್ಮ ಹುಲ್ಲನ್ನು ಕೊಲ್ಲುವ ಗಿಡವನ್ನು ದನವೂ ಹುಲ್ಲೆಯೂ ತಾವೇ ಊರೂರಿಗೆ ಬಿತ್ತುತ್ತ ಹೋಗುವುವು. ಕಾವಲಿನ ಅಂಚಿನ ರೈತರು ಈ ಗಿಡವನ್ನು ಬೇಲಿಗೆಂದು ಬೆಳೆಸಬಾರದು. ಸಸಿಯು ಮೊಣಕಾಲೆತ್ತರವಾಗುವುದರೊಳಗೆ ಮಳೆಯ ನಂತರ ಮಣ್ಣು ಮೆತ್ತಗಿರುವಾಗ ಬೇರುಸಹಿತ ಕೀಳಬೇಕು. ಮೇಲೆ ಮಾತ್ರ ಕಡಿದರೆ ಒಂದಕ್ಕೆ ನಾಲ್ಕಾಗಿ ಚಿಗುರುವುದು.

ಬಯಲಿನ ಸಂಗತಿ ಹೀಗಾದರೆ, ತರೀಕೆರೆಯ ಪಡುವಲ ಕಾಡಿನಲ್ಲಿ ದನಕ್ಕೂ ಮೃಗಕ್ಕೂ ಇರುವ ಸಂಬಂಧವು ಬೇರೆಯ ಬಗೆಯದು. ಅಲ್ಲಿ ಕಾಟಿಯುಂಟು. ಇದನ್ನು ಕಾಡೆಮ್ಮೆ, ಕಾಡುಕೋಣವೆಂದು ಕರೆದರೂ ಇದು ಎಮ್ಮೆಯ ಜಾತಿಯದಲ್ಲ; ಹಸುವಿನ ಕುಲಕ್ಕೆ ಸೇರಿದ ಕಾಡುದನ. ದೊಡ್ಡ ಹೋರಿಯು ಸಾವಿರ ಕಿಲೋಗ್ರಾಂವರೆಗೆ ತೂಗಬಹುದು. ಮೊಣಕಾಲಿನಿಂದ ಕೆಳಕ್ಕೆ ಬಿಳಿಯ ಕಾಲುಚೀಲ ತೊಟ್ಟಂತಿರುವುದು ಇದರ ಗುರುತು. ಕುಲದಲ್ಲಿ ಇಷ್ಟು ಸಮೀಪದ ನೆಂಟನಾದ್ದರಿಂದಲೇ ಊರದನಗಳ ರೋಗಗಳು ಇದಕ್ಕೆ ಸುಲಭವಾಗಿ ತಗಲುವುವು.

ದೊಡ್ಡರೋಗವೆಂಬ ಹೆಸರನ್ನು ಕೇಳಿದರೆ ನಮ್ಮ ಹಿರಿಯರು ನಡುಗುತ್ತಿದ್ದರು. ಕಣ್ಣು ಮೂಗುಗಳಲ್ಲಿ ನೀರಿಳಿದು, ಬಾಯಿ ಹುಣ್ಣಾಗಿ, ಭೇದಿಯಾಗಿ, ವಾರದೊಳಗೆ ಕೊಟ್ಟಿಗೆಯೇ ಬರಿದಾಗುತ್ತಿದ್ದಿತು. ಈ ರೋಗಕ್ಕೆ ಸೀರಮ್ ತಯಾರಿಸುವುದಕ್ಕೆಂದೇ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು. 1968ರಲ್ಲಿ ಈ ರೋಗವು ಬಂಡೀಪುರ, ಮುದುಮಲೆಯ ಕಾಡುಗಳಿಗೆ ನುಗ್ಗಿ ಕಾಟಿಗಳನ್ನು ಕೊಂದಿತು. ಸುಮಾರು 1989ರಲ್ಲಿ ಭದ್ರಾ ಅಭಯಾರಣ್ಯದ ಸರದಿ ಬಂದಿತು. ಹಿಂಡುಹಿಂಡಾಗಿ ಕಾಟಿಗಳು ಸತ್ತು, ಅವುಗಳ ಸಂಖ್ಯೆಯು ಬಹಳವಾಗಿ ಇಳಿದುಹೋಯಿತು. ಆ ಕಾಡಿನೊಳಗೆ ಆಗ ಹಳ್ಳಿಗಳಿದ್ದುವು. ಊರದನಗಳೂ ಕಾಟಿಗಳೂ ಒಂದೇ ಹಡ್ಲಿನಲ್ಲಿ ಮೇದು ಒಂದೇ ಹಳ್ಳದಲ್ಲಿ ನೀರು ಕುಡಿಯುತ್ತಿದ್ದುವು. ಕೊಟ್ಟಿಗೆಯಲ್ಲಿ ದನ ಸತ್ತರೆ ಎಣಿಸುವವರುಂಟು. ಕಾಡಿನಲ್ಲಿ ಸತ್ತ ಕಾಟಿಗೆ ಸೂಜಿಮದ್ದು ಹಾಕುವವರಾರು?

ಅದಕ್ಕೆ ಉತ್ತರವು ಊರದನದಲ್ಲಿಯೇ ಇದ್ದಿತು. ಊರದನಗಳಿಗೆಲ್ಲಾ ತಪ್ಪದೆ ಸೂಜಿಮದ್ದು ಹಾಕುತ್ತ ಬಂದುದರಿಂದ ರೋಗವು ನಿಲ್ಲಲು ನೆಲೆಯಿಲ್ಲದೆ ಹೋಗಿ, 2006ರಲ್ಲಿ ಭರತಖಂಡವೂ 2011ರಲ್ಲಿ ಸಮಸ್ತ ಪ್ರಪಂಚವೂ ದೊಡ್ಡರೋಗದಿಂದ ಮುಕ್ತವಾದುವೆಂದು ಸಾರಲಾಯಿತು. ಮನುಷ್ಯನ ಪ್ರಯತ್ನದಿಂದ ಭೂಮಿಯ ಮೇಲಿಂದ ಅಳಿದ ರೋಗಗಳು ಈವರೆಗೆ ಎರಡೇ: ಒಂದು ಸಿಡುಬು, ಇನ್ನೊಂದು ಇದು. ಕಾಟಿಯ ಮೈಗೆ ಒಂದು ಸೂಜಿಯನ್ನೂ ಚುಚ್ಚದೆ ಕಾಟಿಯನ್ನು ಈ ರೋಗದಿಂದ ಉಳಿಸಿದುದು ಹೀಗೆ. ಇತ್ತ 2001-02ರಲ್ಲಿ ಅಭಯಾರಣ್ಯದೊಳಗಿನ ನಾಲ್ಕುನೂರಕ್ಕೂ ಮಿಕ್ಕ ಕುಟುಂಬಗಳು ಹೊರಕ್ಕೆ ಬಂದು, ಹೆಚ್ಚಿನವರು ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿಯಲ್ಲಿ ನೀರಾವರಿ ಭೂಮಿಯನ್ನು ಪಡೆದು ನೆಲೆಸಿದರು. ಅವರು ಬಿಟ್ಟುಬಂದ ಗದ್ದೆಯ ಬಯಲುಗಳಲ್ಲಿ ಈಗ ಕಾಡುಮೃಗಗಳು ಮೇಯುವುವು.

ದೊಡ್ಡರೋಗವು ಹೋದರೂ ಕಾಲುಬಾಯಿ ರೋಗವು ಹೋಗಿಲ್ಲ. ಗಳಲೆ, ಚಪ್ಪೆಬೇನೆ, ನೆರಡಿಗಳೂ ಹೋಗಿಲ್ಲ. 2022ರಲ್ಲಿ ಚರ್ಮಗಂಟು ರೋಗವು ಕರ್ನಾಟಕದ ದನಗಳನ್ನು ಎಷ್ಟು ಕಾಡಿತೆಂಬುದು ಎಲ್ಲರಿಗೂ ನೆನಪಿರುವ ಸಂಗತಿ. ಕಾಡಿನ ಮತ್ತು ಕಾವಲಿನ ಅಂಚಿನ ಊರಿನವರು ತಮ್ಮ ರಾಸುಗಳಿಗೆ ಸರ್ಕಾರದ ಪಶುವೈದ್ಯಶಾಲೆಯವರು ಗೊತ್ತುಮಾಡಿದ ಹಂಗಾಮಿನಲ್ಲಿ ಸೂಜಿಮದ್ದು ಹಾಕಿಸುವುದನ್ನು ತಪ್ಪಿಸಬಾರದು. ಹಾಲು ಬತ್ತೀತೆಂಬ ಹೆದರಿಕೆಯಿಂದ ಕರೆಯುವ ಹಸುವನ್ನು ಬಚ್ಚಿಡುವವರುಂಟು. ಒಂದೆರಡು ದಿನ ಹಾಲು ತುಸು ಇಳಿಯಬಹುದು, ರೋಗ ಬಂದರೆ ಆ ಸೂಲಿನ ಹಾಲೇ ಹೋಗಬಹುದು. ರೋಗದಿಂದ ಸತ್ತ ರಾಸನ್ನು ಕಾವಲಿಗೋ ಹಳ್ಳಕ್ಕೋ ಎಳೆದು ಬಿಸುಡದೆ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ನೆರಡಿಯ ಗುಮಾನಿಯಿದ್ದರೆ ಚರ್ಮ ಸುಲಿಯಲೇ ಕೂಡದು. ಆ ರೋಗವು ಸುಲಿದವನಿಗೂ ತಗಲುವುದು, ಅದರ ಬೀಜವು ಮಣ್ಣಿನಲ್ಲಿ ಬಹುವರ್ಷ ಬದುಕಿರುವುದು.

ಇನ್ನು ಹುಲ್ಲು ಕೊಯ್ಯುವವರಿಗೆ ಒಂದು ಸಂಗತಿಯನ್ನು ತಿಳಿಸುವುದು ಉಳಿದಿದೆ. ಬಯಲಿನಲ್ಲಿ ಈದ ಹಸುವು ಎಳೆಗರುವನ್ನು ಪೊದೆಯ ಮರೆಯಲ್ಲಿ ಮಲಗಿಸಿ ತಾನು ದೂರದಲ್ಲಿ ಮೇಯುವುದನ್ನು ಗೊಲ್ಲರೆಲ್ಲರೂ ಬಲ್ಲರು. ಕರುವು ಅಲುಗದೆ ಉಸಿರು ಬಿಗಿಹಿಡಿದು ಬಿದ್ದಿರುವುದು. ಹುಲ್ಲೆಯ ಪದ್ಧತಿಯೂ ಅದೇ. ಆರು ತಿಂಗಳು ಹೊತ್ತು ಈದ ಮರಿಯನ್ನು ತಾಯಿಯು ಎತ್ತರವಾದ ಹುಲ್ಲಿನಲ್ಲಿ ಅಡಗಿಸಿ, ಹಾಲೂಡಿಸಲು ಮಾತ್ರ ಬಂದುಹೋಗುವುದು. ಆದ್ದರಿಂದ ಕುಡುಗೋಲಿನ ಮುಂದೆ ಒಂಟಿಯಾದ ಮರಿ ಕಂಡರೆ ಅದು ತಬ್ಬಲಿಯೆಂದು ತಿಳಿದು ಮನೆಗೆ ಎತ್ತಿಕೊಂಡು ಬರಬಾರದು. ಅದನ್ನು ಮುಟ್ಟದೆ, ಸುತ್ತ ನಾಲ್ಕು ಮಾರು ಹುಲ್ಲನ್ನು ಕೊಯ್ಯದೆ ಬಿಟ್ಟು, ಜೊತೆಯ ನಾಯಿಯನ್ನು ಕಟ್ಟಿಹಾಕಿ, ಕೆಲಸವನ್ನು ಬೇರೆಯ ಕಡೆಗೆ ಹಿಡಿಯಬೇಕು. ಜನಸಂಚಾರ ನಿಂತ ಮೇಲೆ ತಾಯಿಯು ತಾನಾಗಿ ಬಂದು ಮರಿಯನ್ನು ಎಬ್ಬಿಸಿಕೊಂಡು ಹೋಗುವುದು.